ದತ್ತಾಂಶ ಕೇಂದ್ರದಲ್ಲಿ ಭೌತಿಕ ಮತ್ತು ವರ್ಚುವಲ್ ಸರ್ವರ್‌ಗಳ ನಮ್ಯ ನಿರ್ವಹಣೆ

ಗಣನೆ, ಸಂಗ್ರಹ, ಸಂವಹನಗಳಿಗಾಗಿ ಜೋಡಿಸಿಟ್ಟ ಯಂತ್ರಸಮೂಹವನ್ನು ನಿರಂತರ ವಿದ್ಯುತ್ತು, ತಂಪು ಗಾಳಿ, ಅಗ್ನಿರಕ್ಷಣೆ, ಕಾವಲು ಇವುಗಳ ಆಶ್ರಯದಲ್ಲಿ ಹಗಲಿರುಳೂ ನಡೆಸತಕ್ಕ ಸ್ಥಳಕ್ಕೆ ದತ್ತಾಂಶ ಕೇಂದ್ರವೆಂದು ಹೆಸರು. ಅಲ್ಲಿ 19 ಅಂಗುಲದ ಚೌಕಟ್ಟಿಗೆ ಹೊಂದುವಂತೆ ತಯಾರಾದ ಸರ್ವರ್‌ಗಳು ಆಳೆತ್ತರದ ರ್‍ಯಾಕ್‌ಗಳಲ್ಲಿ ಒಂದರ ಮೇಲೊಂದಾಗಿ ಕುಳಿತಿರುತ್ತವೆ. ಅವುಗಳ ದಪ್ಪವನ್ನು 44.45 ಮಿಲಿಮೀಟರಿನ ‘ಯು’ ಎಂಬ ಮಾನದಿಂದ ಅಳೆಯುವುದು ವಾಡಿಕೆ. ಯಂತ್ರಗಳನ್ನು ಕೊಂಡು, ನಿಲ್ಲಿಸಿ, ಕೇಬಲ್ ಎಳೆಯುವುದು ನಿರ್ವಹಣೆಯ ಆರಂಭ ಮಾತ್ರ. ಬೇಡಿಕೆ ಏರಿದಾಗ ಸೇವೆಗೆ ಯಂತ್ರಬಲವನ್ನು ಕೂಡಿಸುವುದು, ಇಳಿದಾಗ ಅದನ್ನು ಹಿಂತೆಗೆದು ಇನ್ನೊಂದು ಸೇವೆಗೆ ಕೊಡುವುದು, ಕೆಟ್ಟ ಯಂತ್ರದ ಮೇಲಿದ್ದ ಕೆಲಸವನ್ನು ನೆಟ್ಟಗಿರುವ ಯಂತ್ರದ ಮೇಲೆ ಎಬ್ಬಿಸಿ ನಿಲ್ಲಿಸುವುದು, ದುರಸ್ತಿಗೆ ಬಂದ ಯಂತ್ರವನ್ನು ಬಳಕೆದಾರರ ಅರಿವಿಗೇ ಬಾರದಂತೆ ಬರಿದುಗೊಳಿಸುವುದು, ಇವೆಲ್ಲವೂ ಸೇರಿ ಪ್ರಕೃತ ಲೇಖನದ ವಿಷಯವಾದ ನಮ್ಯ ನಿರ್ವಹಣೆಯಾಗುತ್ತದೆ.

ಈ ಕಲೆಯ ಮೂಲತತ್ತ್ವ ಒಂದೇ. ಸರ್ವರಿನ ಗುರುತನ್ನು, ಎಂದರೆ ಅದರ ಹೆಸರು, ಜಾಲದ ವಿಳಾಸ, ಡಿಸ್ಕಿನಲ್ಲಿರುವ ತಂತ್ರಾಂಶ ಮತ್ತು ಸಂರಚನೆಗಳನ್ನು, ಅದನ್ನು ಹೊತ್ತ ಲೋಹ ಮತ್ತು ಸಿಲಿಕಾನುಗಳ ಕಾಯದಿಂದ ಬೇರ್ಪಡಿಸುವುದೇ ಆ ತತ್ತ್ವ. ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ಹೈಪರ್‌ವೈಸರ್ ಎಂಬ ತಂತ್ರಾಂಶದ ಮೂಲಕ ಈ ಬೇರ್ಪಡಿಕೆಯನ್ನು ಸಾಧಿಸಿದರೆ ವರ್ಚುವಲ್ ಸರ್ವರ್ ದೊರಕುತ್ತದೆ. ಜಾಲದಿಂದ ಬೂಟ್ ಮಾಡುವುದು, ಹೊರಗಿನ ಸಂಗ್ರಹ, ದೂರನಿಯಂತ್ರಣಗಳ ಮೂಲಕ ಸಾಧಿಸಿದರೆ ಭೌತಿಕ ಸರ್ವರ್ ಸಹ ಬಹುಮಟ್ಟಿಗೆ ಅದೇ ಗುಣವನ್ನು ಪಡೆಯುತ್ತದೆ. ಆದರೆ ಯಂತ್ರದಿಂದ ಕಳಚಿದ ಬಿಗಿತ ಮಾಯವಾಗುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಅದು ಸಂಗ್ರಹವ್ಯವಸ್ಥೆಗೂ ಜಾಲಕ್ಕೂ ದಾಖಲೆಯ ಪುಸ್ತಕಕ್ಕೂ ಸ್ಥಳಾಂತರಗೊಳ್ಳುತ್ತದೆ. ಅಲ್ಲಿ ಅದನ್ನು ಹೊರಲು ಸಿದ್ಧವಿಲ್ಲದ ಸಂಸ್ಥೆ ಯಂತ್ರಗಳನ್ನು ಎಷ್ಟು ನಮ್ಯಗೊಳಿಸಿದರೂ ಪ್ರಯೋಜನವಿಲ್ಲ.

ಇಂಥ ವ್ಯವಸ್ಥೆಯ ಅಗತ್ಯ ಹುಟ್ಟಿದ್ದು ಅಗ್ಗದ ಯಂತ್ರಗಳ ಹಾವಳಿಯಿಂದ. 20ನೆಯ ಶತಮಾನದ ಕೊನೆಯ ದಶಕದಲ್ಲಿ ಎಕ್ಸ್86 ಜಾತಿಯ ಸರ್ವರ್‌ಗಳು ಸುಲಭ ಬೆಲೆಗೆ ದೊರಕತೊಡಗಿದಾಗ, ಒಂದು ತಂತ್ರಾಂಶದ ಬೇಡಿಕೆ ಇನ್ನೊಂದಕ್ಕೆ ಹೊಂದದಿದ್ದುದರಿಂದಲೂ, ಒಂದು ಕುಸಿದರೆ ಜೊತೆಯದನ್ನೂ ಎಳೆದುಕೊಂಡು ಬೀಳುತ್ತಿದ್ದುದರಿಂದಲೂ, ಪ್ರತಿಯೊಂದು ಇಲಾಖೆಗೂ ತನ್ನ ಯಂತ್ರ ತನ್ನದೇ ಆಗಿರಬೇಕೆಂಬ ಅಭಿಮಾನವಿದ್ದುದರಿಂದಲೂ, ಒಂದು ಕೆಲಸಕ್ಕೆ ಒಂದು ಸರ್ವರ್ ಎಂಬ ರೂಢಿ ಎಲ್ಲೆಡೆ ನೆಲೆಗೊಂಡಿತು. ಯಂತ್ರವನ್ನು ಕೊಳ್ಳುವಾಗ ತಿಂಗಳ ಕೊನೆಯ ಸಂಬಳದ ಲೆಕ್ಕಕ್ಕೋ ಪರೀಕ್ಷಾ ಫಲಿತಾಂಶದ ದಿನದ ನೂಕುನುಗ್ಗಲಿಗೋ ಸಾಲುವಂತೆ ಕೊಳ್ಳುವುದರಿಂದ ಉಳಿದ ದಿನಗಳಲ್ಲಿ ಅದು ಬಹುತೇಕ ಸುಮ್ಮನೆ ಕುಳಿತಿರುತ್ತಿತ್ತು. ಸುಮ್ಮನೆ ಕುಳಿತರೂ ಅದರ ಊಟ ಅಷ್ಟಾಗಿ ಕಡಿಮೆಯಾಗುತ್ತಿರಲಿಲ್ಲ. ಗೂಗಲ್ ಸಂಸ್ಥೆಯ ಲೂಯಿಸ್ ಬರೋಸೊ ಮತ್ತು ಉರ್ಸ್ ಹೊಲ್ಜ್‌ಲ ಎಂಬ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಲೇಖನವೊಂದರ ಪ್ರಕಾರ, ಐದು ಸಾವಿರಕ್ಕೂ ಮಿಕ್ಕಿದ ಸರ್ವರ್‌ಗಳನ್ನು ಆರು ತಿಂಗಳ ಕಾಲ ಗಮನಿಸಿದಾಗ ಅವು ಹೆಚ್ಚಿನ ಕಾಲವನ್ನು ತಮ್ಮ ಸಾಮರ್ಥ್ಯದ ನೂರಕ್ಕೆ 10ರಿಂದ 50ರ ನಡುವೆಯೇ ಕಳೆಯುತ್ತಿದ್ದುವು. ಕೆಲಸವೇ ಇಲ್ಲದಿರುವಾಗಲೂ ಮಿತವ್ಯಯದ ಯಂತ್ರವೆನಿಸಿಕೊಂಡದ್ದು ಪೂರ್ಣಶಕ್ತಿಯ ಅರ್ಧದಷ್ಟು ವಿದ್ಯುತ್ತನ್ನು ನುಂಗುತ್ತಿತ್ತು. ಹಾಗೆ ನುಂಗಿದ್ದೆಲ್ಲ ಕೊನೆಗೆ ಶಾಖವಾಗಿ ಹೊರಬಂದು, ಅದನ್ನು ಹೊರಹಾಕುವ ಶೀತಲಯಂತ್ರಕ್ಕೆ ಮತ್ತೊಂದು ವೆಚ್ಚವಾಗುತ್ತದೆ.

ಒಂದು ಯಂತ್ರದೊಳಗೆ ಹಲವು ಯಂತ್ರಗಳ ಭಾಸವನ್ನುಂಟುಮಾಡುವ ಉಪಾಯ ಮಾತ್ರ ಇದಕ್ಕಿಂತ ಬಹಳ ಹಿಂದಿನದು. ಅಮೆರಿಕದ ಮ್ಯಾಸಚುಸೆಟ್ಸ್ ಪ್ರಾಂತದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೋಮೊ ಮೊದಲಾದವರು 1964ರಲ್ಲಿ ಕೈಗೊಂಡ ಸಿಪಿ-40 ಎಂಬ ವ್ಯವಸ್ಥೆ, ವಿಶೇಷವಾಗಿ ಮಾರ್ಪಡಿಸಿದ ಸಿಸ್ಟಂ/360ರ 40ನೆಯ ಮಾದರಿಯ ಮೇಲೆ ಏಕಕಾಲದಲ್ಲಿ 14 ವರ್ಚುವಲ್ ಯಂತ್ರಗಳನ್ನು ನಡೆಸಬಲ್ಲದ್ದಾಗಿತ್ತು. 1967ರ ಜನವರಿಯ ಹೊತ್ತಿಗೆ ಅದು ನಿತ್ಯಬಳಕೆಗೆ ಬಂದಿತ್ತು. ಅದರ ಸಂತತಿಯಾದ ಸಿಪಿ-67, ಆಮೇಲೆ 1972ರ ಆಗಸ್ಟಿನಲ್ಲಿ ಘೋಷಿತವಾದ ವಿಎಂ/370, ಇವು ಮೈನ್‌ಫ್ರೇಮ್ ಲೋಕದಲ್ಲಿ ಈ ಪದ್ಧತಿಯನ್ನು ಭದ್ರವಾಗಿ ಊರಿದುವು. 1974ರಲ್ಲಿ ಜೆರಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇದಕ್ಕೆ ಶಾಸ್ತ್ರೀಯ ಸೂತ್ರವನ್ನು ಕೊಟ್ಟರು: ಯಂತ್ರದ ಸ್ಥಿತಿಯನ್ನು ಮುಟ್ಟುವ ಅಥವಾ ಬಯಲುಮಾಡುವ ಪ್ರತಿಯೊಂದು ಸೂಚನೆಯೂ, ಅಧಿಕಾರವಿಲ್ಲದವನು ಪ್ರಯೋಗಿಸಿದೊಡನೆ ಮೇಲಿನ ಒಡೆಯನಿಗೆ ದೂರು ಹೋಗುವಂತಿದ್ದರೆ ಆ ಯಂತ್ರವನ್ನು ಸುಲಭವಾಗಿ ವರ್ಚುವಲ್ ಮಾಡಬಹುದು.

ಎಕ್ಸ್86ರ ದೌರ್ಭಾಗ್ಯವೆಂದರೆ ಅದು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವಂತಿರಲಿಲ್ಲ. ಉದಾಹರಣೆಗೆ ಅದರ ‘ಪಾಪ್‌ಎಫ್’ ಸೂಚನೆಯನ್ನು ನೋಡಬಹುದು. ಕಾರ್ಯಾಚರಣ ವ್ಯವಸ್ಥೆ ತಾನೇ ಒಡೆಯನೆಂದು ನಂಬಿ, ಹೊರಗಿನ ಕರೆಗಳಿಗೆ ಓಗೊಡುವುದನ್ನು ಕೆಲಕಾಲ ನಿಲ್ಲಿಸುವುದಕ್ಕಾಗಿ ಇದನ್ನು ಬಳಸುತ್ತದೆ. ಅಧಿಕಾರವಿಲ್ಲದ ಸ್ಥಿತಿಯಲ್ಲಿ ಅದೇ ಸೂಚನೆ ಬಂದರೆ ಪ್ರೊಸೆಸರ್ ಅದನ್ನು ತಡೆಯುವುದೂ ಇಲ್ಲ, ದೂರು ಹೇಳುವುದೂ ಇಲ್ಲ. ಆ ಭಾಗವನ್ನು ಮೌನವಾಗಿ ಕಡೆಗಣಿಸಿ ಮುಂದೆ ಹೋಗುತ್ತದೆ. ತಾನು ಬಾಗಿಲು ಹಾಕಿದೆನೆಂದು ವ್ಯವಸ್ಥೆ ತಿಳಿದಿರುವಾಗ ಬಾಗಿಲು ತೆರೆದೇ ಇರುತ್ತದೆ. ಪೆಂಟಿಯಂ ಪ್ರೊಸೆಸರಿನಲ್ಲಿ ಇಂಥ ಸೂಚನೆಗಳು 17 ಇದ್ದುವೆಂದು ಜಾನ್ ರಾಬಿನ್ ಮತ್ತು ಸಿಂಥಿಯಾ ಇರ್ವಿನ್ 2000ದಲ್ಲಿ ಎಣಿಸಿ ತೋರಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1997ರ ‘ಡಿಸ್ಕೊ’ ಸಂಶೋಧನೆಯಿಂದ ಹೊರಟ ಮೆಂಡೆಲ್ ರೋಸೆನ್‌ಬ್ಲಮ್, ಎಡುವಾರ್ ಬುನಿಯೋನ್, ಸ್ಕಾಟ್ ಡಿವೈನ್ ಇವರು ಡಯೇನ್ ಗ್ರೀನ್ ಮತ್ತು ಎಲೆನ್ ವಾಂಗ್ ಅವರೊಡನೆ 1998ರಲ್ಲಿ ಸ್ಥಾಪಿಸಿದ ವಿಎಂವೇರ್ ಸಂಸ್ಥೆ, ಇಂಥ ಕಪಟ ಸೂಚನೆಗಳನ್ನು ಓಡುತ್ತಿರುವಾಗಲೇ ಹುಡುಕಿ ನಿರಪಾಯವಾದ ಸೂಚನೆಗಳಾಗಿ ತಿದ್ದುವ ಮಾರ್ಗವನ್ನು ಹಿಡಿಯಿತು. ಅದರ ಇಎಸ್ಎಕ್ಸ್ ಸರ್ವರ್ 2001ರಲ್ಲಿ ಮಾರುಕಟ್ಟೆಗೆ ಬಂದಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಜ಼ೆನ್ 2003ರಲ್ಲಿ ಬೇರೆ ದಾರಿ ತುಳಿದು, ಅತಿಥಿಯಾಗಿ ಬರುವ ಕಾರ್ಯಾಚರಣ ವ್ಯವಸ್ಥೆಯನ್ನೇ ಸ್ವಲ್ಪ ತಿದ್ದಿ, ತಾನು ಅತಿಥಿಯೆಂಬುದನ್ನು ಅದಕ್ಕೆ ತಿಳಿಸಿಬಿಟ್ಟಿತು. 2005ರ ಕೊನೆಗೆ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಪ್ರೊಸೆಸರುಗಳಲ್ಲಿಯೇ ಈ ಲೋಪವನ್ನು ಸರಿಪಡಿಸಿದ ಮೇಲೆ ಇಂಥ ಚಮತ್ಕಾರಗಳ ಅಗತ್ಯ ತಗ್ಗಿತು. ಅದರ ಫಲವಾಗಿ, ಕುಮ್ರಾನೆಟ್ ಸಂಸ್ಥೆಯ ಆವಿ ಕಿವಿಟಿ ರಚಿಸಿದ ಕೆವಿಎಂ ಎಂಬ ಸಣ್ಣ ತಂತ್ರಾಂಶಭಾಗ 2007ರ ಆರಂಭದಲ್ಲಿ ಲಿನಕ್ಸಿನ ಗರ್ಭಕ್ಕೇ ಸೇರಿಹೋಯಿತು.

ಪ್ರೊಸೆಸರನ್ನು ಹಂಚುವುದು ಒಂದು ರೀತಿಯಲ್ಲಿ ಸುಲಭ. ಒಬ್ಬನ ಸರದಿ ಮುಗಿದ ಮೇಲೆ ಇನ್ನೊಬ್ಬನ ಸರದಿ. ಮೆಮೊರಿ ಹಾಗಲ್ಲ. ಒಮ್ಮೆ ಹಿಡಿದುಕೊಂಡ ಜಾಗವನ್ನು ಅತಿಥಿ ತಾನಾಗಿ ಬಿಟ್ಟುಕೊಡುವುದಿಲ್ಲ, ಮೆಮೊರಿಯ ತುಣುಕುಗಳಾದ ಪುಟಗಳಲ್ಲಿ ಯಾವುದು ಅದಕ್ಕೆ ಬೇಕು, ಯಾವುದು ಬೇಡವೆಂಬುದು ಹೊರಗಿನ ಹೈಪರ್‌ವೈಸರಿಗೆ ಕಾಣುವುದೂ ಇಲ್ಲ. ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ವಿವರಿಸಿದ ‘ಬಲೂನ್’ ಉಪಾಯ ಈ ಕ್ಷೇತ್ರದ ಅತ್ಯಂತ ಜಾಣ ಉಪಾಯಗಳಲ್ಲೊಂದೆಂದು ಹೇಳಲು ಅಡ್ಡಿಯಿಲ್ಲ. ಅತಿಥಿಯ ಒಳಗೆ ಒಂದು ಸಣ್ಣ ಕಾರ್ಯಕ್ರಮವನ್ನು ಇರಿಸಿ, ಬೇಕಾದಾಗ ಅದು ಅತಿಥಿಯ ವ್ಯವಸ್ಥೆಯಿಂದಲೇ ಮೆಮೊರಿಯನ್ನು ಬೇಡಿ ಉಬ್ಬುವಂತೆ ಮಾಡುತ್ತಾರೆ. ಒತ್ತಡಕ್ಕೆ ಸಿಕ್ಕ ಅತಿಥಿ ತನಗೆ ತೀರ ಬೇಡವಾದ ಪುಟಗಳನ್ನು ತಾನೇ ಆರಿಸಿ ಡಿಸ್ಕಿಗೆ ಸರಿಸುತ್ತದೆ. ಬಲೂನು ಹಿಡಿದ ಜಾಗವನ್ನು ಹೈಪರ್‌ವೈಸರ್ ಇನ್ನೊಬ್ಬ ಅತಿಥಿಗೆ ಕೊಡುತ್ತದೆ. ಯಾವುದು ಬೇಡವೆಂಬುದನ್ನು ಬಲ್ಲವನ ಕೈಯಲ್ಲಿಯೇ ನಿರ್ಧಾರವನ್ನು ಬಿಟ್ಟದ್ದು ಇಲ್ಲಿನ ಸೊಗಸು. ಹೀಗೆ ಇರುವುದಕ್ಕಿಂತ ಹೆಚ್ಚು ಮೆಮೊರಿಯನ್ನು ಹಂಚಿಕೊಟ್ಟು ನಿಭಾಯಿಸಬಹುದಾದರೂ, ಎಲ್ಲ ಅತಿಥಿಗಳೂ ಒಮ್ಮೆಲೇ ತಮ್ಮ ಪಾಲನ್ನು ಕೇಳಿದ ದಿನ ಬಲೂನಿಗೂ ದಾರಿ ತೋಚದೆ ಯಂತ್ರವೆಲ್ಲ ಡಿಸ್ಕಿನ ವೇಗಕ್ಕೆ ಇಳಿಯುತ್ತದೆ. ಅನುಭವಿಗಳು ಪ್ರೊಸೆಸರನ್ನು ಉದಾರವಾಗಿಯೂ ಮೆಮೊರಿಯನ್ನು ಕೃಪಣತೆಯಿಂದಲೂ ಹಂಚುವುದು ಇದೇ ಕಾರಣಕ್ಕೆ.

ನಮ್ಯ ನಿರ್ವಹಣೆಯ ಶಿಖರವೆಂದರೆ ಓಡುತ್ತಿರುವ ಸರ್ವರನ್ನು ನಿಲ್ಲಿಸದೆಯೇ ಒಂದು ಯಂತ್ರದಿಂದ ಮತ್ತೊಂದಕ್ಕೆ ದಾಟಿಸುವುದು. ವಿಎಂವೇರ್ ಇದನ್ನು ‘ವಿಮೋಷನ್’ ಹೆಸರಿನಲ್ಲಿ 2003ರಲ್ಲಿ ಮಾರುಕಟ್ಟೆಗೆ ತಂದಿತು. ಜ಼ೆನ್ ತಂಡ 2005ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜನ ಆಡುತ್ತಿದ್ದ ‘ಕ್ವೇಕ್ 3’ ಆಟದ ಸರ್ವರನ್ನು ಕೇವಲ 60 ಮಿಲಿಸೆಕೆಂಡುಗಳ ನಿಲುಗಡೆಯಲ್ಲಿ ದಾಟಿಸಿದ ವರದಿಯಿದೆ. ಇದು ನಡೆಯುವ ಬಗೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. 64 ಗಿಗಾಬೈಟ್ ಮೆಮೊರಿಯ ವರ್ಚುವಲ್ ಯಂತ್ರವನ್ನು ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಜಾಲದ ಮೂಲಕ ಕಳುಹಿಸಬೇಕಾಗಿದೆಯೆನ್ನೋಣ. ಇಡೀ ಮೆಮೊರಿಯ ಮೊದಲ ಪ್ರತಿ ಹೋಗಲು ಸುಮಾರು 51 ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತೂ ಯಂತ್ರ ತನ್ನ ಕೆಲಸದಲ್ಲಿ ತೊಡಗಿಯೇ ಇರುವುದರಿಂದ ಕೆಲವು ಪುಟಗಳು ಬದಲಾಗಿರುತ್ತವೆ. ಬದಲಾಗುವ ವೇಗ ಸೆಕೆಂಡಿಗೆ 2 ಗಿಗಾಬಿಟ್ ಆಗಿದ್ದರೆ, ಬದಲಾದುದನ್ನಷ್ಟೇ ಎರಡನೆಯ ಸುತ್ತಿನಲ್ಲಿ ಕಳುಹಿಸಲು 10 ಸೆಕೆಂಡು, ಆ ಅವಧಿಯಲ್ಲಿ ಬದಲಾದುದಕ್ಕೆ ಮೂರನೆಯ ಸುತ್ತಿನಲ್ಲಿ 2 ಸೆಕೆಂಡು, ಮತ್ತೆ 0.4 ಸೆಕೆಂಡು, ಹೀಗೆ ಪ್ರತಿ ಸುತ್ತೂ ಹಿಂದಿನದರ ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ಉಳಿದದ್ದು 0.08 ಸೆಕೆಂಡಿನ ಸರಕಾದಾಗ ಯಂತ್ರವನ್ನು ಕ್ಷಣಮಾತ್ರ ತಡೆದು, ಅದನ್ನೂ ಪ್ರೊಸೆಸರಿನ ಸ್ಥಿತಿಯನ್ನೂ ಒಟ್ಟಿಗೆ ಕಳುಹಿಸಿ, ಆಚೆಯ ಯಂತ್ರದಲ್ಲಿ ಎಬ್ಬಿಸುತ್ತಾರೆ. ಎಬ್ಬಿಸಿದೊಡನೆ ಆ ವಿಳಾಸ ಈಗ ಬೇರೆ ಕಿಂಡಿಯಲ್ಲಿದೆಯೆಂಬ ಪ್ರಕಟಣೆ ಜಾಲದಲ್ಲಿ ಹೊರಡುತ್ತದೆ. ಸ್ವಿಚ್ಚುಗಳು ತಮ್ಮ ಕೋಷ್ಟಕಗಳನ್ನು ತಿದ್ದಿಕೊಳ್ಳುತ್ತವೆ.

ಬದಲಾಗುವ ವೇಗ ಸಾಗಿಸುವ ವೇಗವನ್ನು ಮೀರಿದರೆ ಈ ಸುತ್ತುಗಳಿಗೆ ಕೊನೆಯೆಂಬುದಿಲ್ಲ. ದೊಡ್ಡ ದತ್ತಸಂಚಯಗಳನ್ನು ನಡೆಸುವ ಯಂತ್ರಗಳಲ್ಲಿ ಇದು ಅಪರೂಪವಲ್ಲ. ಆಗ ಅತಿಥಿಯ ಪ್ರೊಸೆಸರನ್ನು ಬೇಕೆಂದೇ ನಿಧಾನಗೊಳಿಸುತ್ತಾರೆ, ಇಲ್ಲವೆ ಮೊದಲು ಯಂತ್ರವನ್ನು ಆಚೆ ಎಬ್ಬಿಸಿ ಪುಟಗಳನ್ನು ಬೇಕಾದಂತೆ ಹಿಂದಿನಿಂದ ತರಿಸಿಕೊಳ್ಳುತ್ತಾರೆ. ಎರಡನೆಯ ದಾರಿಯಲ್ಲಿ ನಡುವೆ ಜಾಲ ಕಡಿದರೆ ಯಂತ್ರ ಎರಡೂ ಕಡೆ ಅಪೂರ್ಣವಾಗಿ ಉಳಿದು ನಾಶವಾಗುವ ಭಯವುಂಟು. ಪ್ರೊಸೆಸರುಗಳ ತಲೆಮಾರಿನ ಅಂತರವೂ ಒಂದು ತೊಡಕು: ಹೊಸ ಪ್ರೊಸೆಸರಿನ ಸೂಚನೆಗಳನ್ನು ಕಂಡು ಬಳಸಲಾರಂಭಿಸಿದ ತಂತ್ರಾಂಶ ಹಳೆಯ ಯಂತ್ರಕ್ಕೆ ಬಂದಿಳಿದೊಡನೆ ಕುಸಿಯುವುದರಿಂದ, ಗುಂಪಿನ ಅತ್ಯಂತ ಹಳೆಯ ಯಂತ್ರಕ್ಕಿರುವ ಸೂಚನೆಗಳನ್ನಷ್ಟೇ ಎಲ್ಲ ಅತಿಥಿಗಳಿಗೂ ಕಾಣಿಸಿ ಉಳಿದುವನ್ನು ಮರೆಮಾಡುವುದು ಪದ್ಧತಿ. ಹೊಸ ಯಂತ್ರಕ್ಕೆ ಕೊಟ್ಟ ಹಣದ ಒಂದು ಪಾಲು ಹೀಗೆ ಬಳಕೆಯಾಗದೆ ಉಳಿಯುತ್ತದೆ. ನಮ್ಯತೆಗೆ ತೆರಬೇಕಾದ ಸುಂಕಗಳಲ್ಲಿ ಇದೂ ಒಂದು.

ಈ ದಾಟುವಿಕೆಯನ್ನು ಕಂಡವರಿಗೆ ನಮ್ಮ ಪುರಾಣಕಥೆಗಳ ಪರಕಾಯ ಪ್ರವೇಶ ನೆನಪಾಗದಿರದು. ಆದರೆ ಆ ಕಥೆಗಳಲ್ಲಿ ಶಿಷ್ಯರು ಕಾಯಬೇಕಾದದ್ದು ಗುರು ಬಿಟ್ಟುಹೋದ ದೇಹವನ್ನು. ಇಲ್ಲಿ ಕಾಯಬೇಕಾದದ್ದು ಒಂದೇ ಜೀವ ಎರಡು ದೇಹಗಳಲ್ಲಿ ಏಕಕಾಲಕ್ಕೆ ಏಳದಂತೆ. ಯಂತ್ರವೊಂದು ಸತ್ತರೆ ಅದರ ಮೇಲಿದ್ದ ಅತಿಥಿಗಳನ್ನು ಉಳಿದ ಯಂತ್ರಗಳು ತಾವಾಗಿ ಎಬ್ಬಿಸುವಂತೆ ವ್ಯವಸ್ಥೆಮಾಡಿರುತ್ತಾರಷ್ಟೆ. ಸತ್ತಿತೆಂಬುದನ್ನು ಅವು ತಿಳಿಯುವುದಾದರೂ ನಾಡಿಮಿಡಿತದಂತೆ ಬರುತ್ತಿದ್ದ ಸಂದೇಶ ನಿಂತುಹೋದದ್ದರಿಂದ. ಯಂತ್ರ ಬದುಕಿದ್ದು ಕೇಬಲ್ ಮಾತ್ರ ಕಿತ್ತುಹೋಗಿದ್ದರೂ ಲಕ್ಷಣ ಒಂದೇ. ಆಗ ಎರಡನೆಯ ಪ್ರತಿ ಎದ್ದು, ಎರಡೂ ಪ್ರತಿಗಳು ಒಂದೇ ಡಿಸ್ಕಿನ ಮೇಲೆ ಬರೆಯತೊಡಗಿದರೆ, ಕೆಲವೇ ನಿಮಿಷಗಳಲ್ಲಿ ದತ್ತಾಂಶ ಯಾವ ಪ್ರತಿಗೂ ಅರ್ಥವಾಗದಷ್ಟು ಕಲಸಿಹೋಗುತ್ತದೆ. ಆದಕಾರಣ ಸಂಶಯ ಬಂದ ಯಂತ್ರದ ವಿದ್ಯುತ್ತನ್ನು ಮೊದಲು ಖಚಿತವಾಗಿ ಕಡಿದು, ಅಥವಾ ಸಂಗ್ರಹಕ್ಕೆ ಅದರ ದಾರಿಯನ್ನು ಮುಚ್ಚಿ, ಆಮೇಲೆಯೇ ಅತಿಥಿಯನ್ನು ಬೇರೆಡೆ ಎಬ್ಬಿಸಬೇಕೆಂಬ ನಿಯಮವುಂಟು. ಸೇವೆ ಕೆಲವು ನಿಮಿಷ ನಿಲ್ಲುವುದು ಸಹ್ಯ. ದತ್ತಾಂಶ ಇಬ್ಬಗೆಯಾಗುವುದು ಅಸಹ್ಯ. ಈ ನಿಯಮವನ್ನು ಪಾಲಿಸಲು ಇನ್ನೂ ಜೀವವಿರಬಹುದಾದ ಯಂತ್ರದ ವಿದ್ಯುತ್ತನ್ನು ಹೊರಗಿನಿಂದ ಕಡಿಯುವ ಸಾಧನ ಬೇಕಾಗುವುದರಿಂದ, ವರ್ಚುವಲ್ ಸರ್ವರಿನ ಕ್ಷೇಮ ಭೌತಿಕ ಸರ್ವರಿನ ನಿರ್ವಹಣೆಯೊಂದಿಗೆ ಗಂಟುಹಾಕಿಕೊಂಡಿದೆ.

ಆ ಸಾಧನವೇ ಬಿಎಂಸಿ. ಪ್ರತಿಯೊಂದು ಸರ್ವರಿನ ಮುಖ್ಯ ಫಲಕದ ಮೇಲೆ ಕುಳಿತಿರುವ ಈ ಪುಟ್ಟ ಗಣಕ, ಸರ್ವರ್ ಆರಿದ್ದರೂ ತಾನು ಎಚ್ಚರವಾಗಿದ್ದು, ಉಷ್ಣತೆ, ಫ್ಯಾನು, ವಿದ್ಯುತ್ತುಗಳನ್ನು ಗಮನಿಸುತ್ತ, ದೂರದಿಂದ ಬಂದ ಅಪ್ಪಣೆಯಂತೆ ಸರ್ವರನ್ನು ಹೊತ್ತಿಸುತ್ತದೆ, ಆರಿಸುತ್ತದೆ. ಇದರೊಡನೆ ಮಾತಾಡುವ ಐಪಿಎಂಐ ಎಂಬ ನಿಯಮಾವಳಿಯನ್ನು ಇಂಟೆಲ್, ಎಚ್‌ಪಿ, ಡೆಲ್, ಎನ್ಇಸಿ ಸಂಸ್ಥೆಗಳು ಕೂಡಿ 1998ರಲ್ಲಿ ಪ್ರಕಟಿಸಿದುವು. 2015ರಿಂದ ರೆಡ್‌ಫಿಶ್ ಎಂಬ ಹೊಸ ನಿಯಮಾವಳಿ ಅದರ ಸ್ಥಾನಕ್ಕೆ ಬರುತ್ತಿದೆ. ಈ ಪುಟ್ಟ ಗಣಕ ಕೈವಶವಾದವನಿಗೆ ಇಡೀ ಸರ್ವರೇ ಕೈವಶವಾದಂತೆ. ಹಾಗಿದ್ದೂ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ವರ್ಷಗಟ್ಟಲೆ ಉಳಿಸಿಕೊಂಡು, ಅದನ್ನು ಸಾಮಾನ್ಯ ಜಾಲಕ್ಕೇ ಸೇರಿಸಿರುವ ಕೇಂದ್ರಗಳು ಇವೆಯೆಂಬುದು ವಿಷಾದದ ಸಂಗತಿ. ಇವಕ್ಕೆ ಪ್ರತ್ಯೇಕವಾದ, ಹೊರಗಿನಿಂದ ಪ್ರವೇಶವಿಲ್ಲದ ಜಾಲವೊಂದನ್ನು ಮೀಸಲಿಡುವುದು ಅವಶ್ಯ.

ಬಿಎಂಸಿಯ ಮೂಲಕ ಹೊತ್ತಿಸಿದ ಬರಿಯ ಸರ್ವರ್, ಪಿಎಕ್ಸ್ಇ ಎಂಬ ಪದ್ಧತಿಯಂತೆ, ಜಾಲದಲ್ಲಿ ಕೂಗಿ ಒಂದು ವಿಳಾಸವನ್ನು ಪಡೆದು, ಅಲ್ಲಿಂದಲೇ ಬೂಟ್ ಕಾರ್ಯಕ್ರಮವನ್ನು ಇಳಿಸಿಕೊಂಡು, ತನ್ನ ಡಿಸ್ಕಿನಲ್ಲಿ ಏನೂ ಇಲ್ಲದಿದ್ದರೂ ಏಳಬಲ್ಲುದು. ಇಷ್ಟಾದರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದದ್ದು, ಜಾಲದ ಕಾರ್ಡಿನ ಕಾರ್ಖಾನೆ ವಿಳಾಸ, ಸಂಗ್ರಹಜಾಲದ ವಿಳಾಸ, ಫರ್ಮ್‌ವೇರಿನ ಹೊಂದಾಣಿಕೆ ಮುಂತಾಗಿ ಲೋಹಕ್ಕೆ ಅಂಟಿಕೊಂಡ ಗುರುತುಗಳನ್ನು ಕೀಳುವುದು. 2000ದಲ್ಲಿ ಹುಟ್ಟಿದ ಇಜಿನೆರಾ ಎಂಬ ಸಂಸ್ಥೆ, ಡಿಸ್ಕೂ ಇಲ್ಲದ, ಗುರುತೂ ಇಲ್ಲದ, ಬ್ಲೇಡುಗಳೆಂಬ ತೆಳು ಸರ್ವರ್‌ಗಳಿಗೆ ಹೊರಗಿನಿಂದಲೇ ಎಲ್ಲವನ್ನೂ ಒದಗಿಸುವ ಯಂತ್ರವನ್ನು ಮಾರಿತು. ಎಚ್‌ಪಿ ಸಂಸ್ಥೆ 2001ರಲ್ಲಿ ಇಡೀ ಕೇಂದ್ರವನ್ನೇ ಹೀಗೆ ತಂತ್ರಾಂಶದಿಂದ ಮರುಜೋಡಿಸುವ ‘ಯುಟಿಲಿಟಿ ಡೇಟಾ ಸೆಂಟರ್’ ಎಂಬ ಮಹತ್ತ್ವಾಕಾಂಕ್ಷೆಯ ಉತ್ಪನ್ನವನ್ನು ಘೋಷಿಸಿ 2004ರಲ್ಲಿ ಕೈಬಿಟ್ಟಿತು. ಸಿಸ್ಕೊ ಸಂಸ್ಥೆ 2009ರಲ್ಲಿ ಹೊರತಂದ ಯುಸಿಎಸ್ ವ್ಯವಸ್ಥೆಯಲ್ಲಿ ಈ ಗುರುತುಗಳೆಲ್ಲ ಒಂದು ಪಟ್ಟಿಯಾಗಿ, ಸೇವಾವಿವರವೆಂಬ ಕಡತವಾಗಿ, ನಿಯಂತ್ರಕದಲ್ಲಿ ಇರುತ್ತವೆ. ಬ್ಲೇಡು ಕೆಟ್ಟರೆ ಕಡತವನ್ನು ಇನ್ನೊಂದು ಬ್ಲೇಡಿಗೆ ಲಗತ್ತಿಸುವುದಷ್ಟೇ ಕೆಲಸ. ಸರ್ವರ್ ಸತ್ತುಹೋದದ್ದು ಜಾಲಕ್ಕಾಗಲಿ ಸಂಗ್ರಹಕ್ಕಾಗಲಿ ಗೊತ್ತಾಗುವುದೇ ಇಲ್ಲ. ಓಪನ್‌ಸ್ಟ್ಯಾಕ್ ಸಮುದಾಯದ ‘ಐರನಿಕ್’ ಇದೇ ಕಾರ್ಯವನ್ನು ಯಾವುದೇ ತಯಾರಕನ ಯಂತ್ರದ ಮೇಲೆ ಮಾಡುವ ಉದ್ದೇಶದ್ದು.

ಭೌತಿಕ ಸರ್ವರನ್ನು ಇಷ್ಟು ನಮ್ಯಗೊಳಿಸಿದರೂ ಅದು ವರ್ಚುವಲ್ ಸರ್ವರಿನಷ್ಟು ಚುರುಕಾಗದು. ವರ್ಚುವಲ್ ಯಂತ್ರ ಸೆಕೆಂಡುಗಳಲ್ಲಿ ಏಳುವಾಗ, ದೊಡ್ಡ ಭೌತಿಕ ಸರ್ವರ್ ತನ್ನ ಮೆಮೊರಿಯನ್ನೂ ಕಾರ್ಡುಗಳನ್ನೂ ಪರೀಕ್ಷಿಸಿಕೊಳ್ಳುವುದರಲ್ಲಿಯೇ ಹಲವು ನಿಮಿಷ ಕಳೆಯುತ್ತದೆ. ಓಡುತ್ತಿರುವಾಗ ದಾಟುವ ಸಾಧ್ಯತೆಯಂತೂ ಅದಕ್ಕಿಲ್ಲ. ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗುವ ಮುನ್ನ ಡಿಸ್ಕನ್ನು ಒರೆಸಿ, ಫರ್ಮ್‌ವೇರನ್ನು ಮತ್ತೆ ಬರೆದು ಶುದ್ಧಮಾಡಬೇಕಾಗುತ್ತದೆ, ಏಕೆಂದರೆ ಹಿಂದಿನ ಬಳಕೆದಾರನು ಲೋಹವನ್ನೇ ಮುಟ್ಟಿರುತ್ತಾನೆ. ಹೀಗಿದ್ದೂ ಭೌತಿಕ ಸರ್ವರ್‌ಗಳು ಕೇಂದ್ರದಿಂದ ಮಾಯವಾಗದಿರಲು ಕಾರಣಗಳಿವೆ. ಇಡೀ ಯಂತ್ರವನ್ನು ನುಂಗುವ ದತ್ತಸಂಚಯ, ಗ್ರಾಫಿಕ್ಸ್ ಪ್ರೊಸೆಸರುಗಳಿಂದ ನಡೆಯುವ ಗಣನೆ, ಮೈಕ್ರೊಸೆಕೆಂಡುಗಳಲ್ಲಿ ಉತ್ತರ ಬೇಡುವ ವ್ಯಾಪಾರದ ವ್ಯವಹಾರ, ಪ್ರೊಸೆಸರುಗಳ ಎಣಿಕೆಯ ಮೇಲೆ ಬಾಡಿಗೆ ಕೇಳುವ ತಂತ್ರಾಂಶ, ಇವೆಲ್ಲ ನೇರವಾಗಿ ಲೋಹದ ಮೇಲಿರುವುದೇ ಲೇಸು. ಇನ್ನೊಂದು ಕಾರಣ ಅಷ್ಟು ಪ್ರಸಿದ್ಧವಲ್ಲ. ಕೇಂದ್ರವೆಲ್ಲ ಒಮ್ಮೆ ಕತ್ತಲಾಗಿ ಮತ್ತೆ ಏಳುವಾಗ, ಹೈಪರ್‌ವೈಸರುಗಳು ಪರಸ್ಪರ ಹುಡುಕಿಕೊಳ್ಳಲು ಹೆಸರು-ವಿಳಾಸಗಳ ಸರ್ವರಾದ ಡಿಎನ್ಎಸ್ ಬೇಕು. ಆ ಡಿಎನ್ಎಸ್ಸೇ ಒಂದು ವರ್ಚುವಲ್ ಯಂತ್ರವಾಗಿ, ಇನ್ನೂ ಏಳದ ಹೈಪರ್‌ವೈಸರಿನ ಮೇಲೆ ಕುಳಿತಿದ್ದರೆ ಯಾರೂ ಏಳುವಂತಿಲ್ಲ. ಆದುದರಿಂದ ಡಿಎನ್ಎಸ್, ಸಮಯ, ಬಳಕೆದಾರರ ದೃಢೀಕರಣ ಇವುಗಳ ಒಂದೊಂದು ಪ್ರತಿಯನ್ನಾದರೂ ಸ್ವತಂತ್ರವಾದ ಭೌತಿಕ ಸರ್ವರ್ ಮೇಲೆ ಇರಿಸಿ, ಯಾವುದರ ಹಿಂದೆ ಯಾವುದನ್ನು ಎಬ್ಬಿಸಬೇಕೆಂಬ ಕ್ರಮವನ್ನು ಕಾಗದದ ಮೇಲೆ ಬರೆದಿಡುವುದು ವಿವೇಕ. ಕಾಗದದ ಮೇಲೆ ಎಂದದ್ದು ಬೇಕೆಂದೇ. ಆ ಕಡತ ಸರ್ವರಿನಲ್ಲಿದ್ದರೆ ಬೇಕಾದ ದಿನ ದೊರೆಯದು.

ಯಂತ್ರಗಳು ಓಡಾಡತೊಡಗಿದ ಮೇಲೆ ಭಾರ ಬೀಳುವುದು ಸಂಗ್ರಹದ ಮೇಲೆ ಮತ್ತು ಜಾಲದ ಮೇಲೆ. ಮೆಮೊರಿಯನ್ನು ನಿಮಿಷದಲ್ಲಿ ಸಾಗಿಸಬಹುದಾದರೂ ಹಲವು ಟೆರಾಬೈಟಿನ ಡಿಸ್ಕನ್ನು ಹಾಗೆ ಸಾಗಿಸಲಾಗದ್ದರಿಂದ, ಎರಡೂ ಯಂತ್ರಗಳಿಗೆ ಕಾಣುವ ಸಾಮಾನ್ಯ ಸಂಗ್ರಹ ಬೇಕು. ಅದು ನಿಂತರೆ ಅದನ್ನು ನೆಚ್ಚಿದ ನೂರಾರು ಸರ್ವರ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ಜಾಲದಲ್ಲಿ ಪ್ರತ್ಯೇಕತೆಯನ್ನು ಕಾಯುವ ವಿಎಲ್ಎಎನ್ ಪದ್ಧತಿಯ ಗುರುತಿಗೆ 12 ಬಿಟ್‌ಗಳಷ್ಟೇ ಇರುವುದರಿಂದ ಬಳಕೆಗೆ ದೊರೆಯುವುದು 4094 ವಿಭಾಗಗಳು ಮಾತ್ರ. ಸಾವಿರಾರು ಬಾಡಿಗೆದಾರರಿರುವ ಕೇಂದ್ರಕ್ಕೆ ಇದು ಸಾಲದಾದಾಗ, 2014ರಲ್ಲಿ ವಿವರಿಸಲ್ಪಟ್ಟ ವಿಎಕ್ಸ್‌ಎಲ್ಎಎನ್ 24 ಬಿಟ್‌ಗಳ ಗುರುತಿನಿಂದ ಆ ಸಂಖ್ಯೆಯನ್ನು ಒಂದೂವರೆ ಕೋಟಿಯ ಮೇಲಕ್ಕೇರಿಸಿತು.

ಯಾವ ಅತಿಥಿ ಯಾವ ಯಂತ್ರದ ಮೇಲಿರಬೇಕೆಂಬ ನಿರ್ಧಾರವನ್ನು ಈಗ ಬಹುಮಟ್ಟಿಗೆ ತಂತ್ರಾಂಶವೇ ಮಾಡುತ್ತದೆ. ಭಾರ ಹೆಚ್ಚಿದ ಯಂತ್ರದಿಂದ ಹಗುರವಾದುದಕ್ಕೆ ಅದು ತಾನಾಗಿ ಅತಿಥಿಗಳನ್ನು ಸರಿಸುತ್ತದೆ. ಆದರೆ ಒಂದು ದತ್ತಸಂಚಯದ ಎರಡು ಪ್ರತಿಗಳನ್ನು, ಒಂದು ಹೋದರೆ ಇನ್ನೊಂದಿರಲೆಂದು ಇಟ್ಟಿದ್ದರೆ, ಆ ಉದ್ದೇಶ ತಂತ್ರಾಂಶಕ್ಕೆ ತಿಳಿಯದು. ಹೇಳದಿದ್ದರೆ ಅದು ಎರಡನ್ನೂ ಒಂದೇ ಯಂತ್ರಕ್ಕೆ ಕೂಡಿಸಿ, ಭಾರವನ್ನು ಚೆನ್ನಾಗಿ ಸಮಮಾಡಿದೆನೆಂದು ತೃಪ್ತಿಪಡಬಹುದು. ಇವೆರಡು ಎಂದೂ ಜೊತೆಗಿರಬಾರದೆಂಬ ನಿಯಮವನ್ನು ಮನುಷ್ಯನೇ ಬರೆದಿಡಬೇಕು. ಅಂತೆಯೇ, ಒಂದು ಯಂತ್ರ ಸತ್ತರೆ ಅದರ ಅತಿಥಿಗಳಿಗೆ ಉಳಿದವುಗಳಲ್ಲಿ ಜಾಗವಿರಬೇಕಾದರೆ ಅಷ್ಟು ಜಾಗ ಸದಾ ಖಾಲಿಯಿರಬೇಕು. ಎಂಟು ಯಂತ್ರಗಳ ಗುಂಪಿನಲ್ಲಿ ಪ್ರತಿಯೊಂದನ್ನೂ ಎಂಟರಲ್ಲಿ ಏಳು ಪಾಲಿಗಿಂತ ಹೆಚ್ಚು ತುಂಬಿದರೆ ರಕ್ಷಣೆ ಹೆಸರಿಗೆ ಮಾತ್ರ. ವಾರ್ಷಿಕ ಲೆಕ್ಕ ನೋಡುವವರ ಕಣ್ಣಿಗೆ ಈ ಖಾಲಿ ಜಾಗ ದಂಡವೆಂದು ತೋರುವುದರಿಂದ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಸರ್ವರನ್ನು ಸೃಷ್ಟಿಸುವುದು ಸುಲಭವಾದಷ್ಟೂ ಅಳಿಸುವುದು ಮರೆತುಹೋಗುತ್ತದೆ. ಪರೀಕ್ಷೆಗೆಂದು ಎಬ್ಬಿಸಿದ ಯಂತ್ರ, ಕೇಳಿದವನು ಕೆಲಸ ಬಿಟ್ಟುಹೋದ ಮೇಲೂ ಓಡುತ್ತಿರುತ್ತದೆ. ಭದ್ರತಾ ತಿದ್ದುಪಡಿಗಳನ್ನು ಕಾಣದೆ ಹಳಸುತ್ತ, ಹೊರಗಿನ ಕಳ್ಳನಿಗೆ ಕಿಂಡಿಯಾಗುತ್ತದೆ. ಪ್ರತಿಯೊಂದು ಯಂತ್ರಕ್ಕೂ ಒಡೆಯನ ಹೆಸರನ್ನೂ ಮುಗಿಯುವ ದಿನಾಂಕವನ್ನೂ ಹುಟ್ಟುವಾಗಲೇ ಅಂಟಿಸುವ ನಿಯಮ ಇದಕ್ಕೆ ಮದ್ದು. ಭೌತಿಕವಾಗಲಿ ವರ್ಚುವಲ್ ಆಗಲಿ ಯಂತ್ರ ಹೇಗಿರಬೇಕೆಂಬುದನ್ನು ಮೊದಲೇ ಬರಹದಲ್ಲಿ ನಿರೂಪಿಸಿ, ವಾಸ್ತವವನ್ನು ಆ ಬರಹಕ್ಕೆ ತಂದು ಹೊಂದಿಸುವ ಪಪೆಟ್, ಆನ್ಸಿಬಲ್, ಟೆರಾಫಾರ್ಮ್ ಮೊದಲಾದ ಉಪಕರಣಗಳು ಈ ಶಿಸ್ತಿಗೆ ನೆರವಾಗುತ್ತವೆ. ಕಾರ್ಯಾಚರಣ ವ್ಯವಸ್ಥೆಯನ್ನು ನಕಲಿಸದೆ ಒಂದೇ ಕರ್ನಲ್ ಮೇಲೆ ಕೆಲಸಗಳನ್ನಷ್ಟೇ ಪ್ರತ್ಯೇಕಿಸುವ ಕಂಟೇನರ್ ಪದ್ಧತಿ, 2013ರ ಡಾಕರ್ ಮತ್ತು 2014ರ ಕುಬರ್ನೆಟೀಸ್‌ಗಳಿಂದ ಮನೆಮಾತಾದುದು, ಇದೇ ನಿರೂಪಣಾಕ್ರಮವನ್ನು ಇನ್ನೂ ಮುಂದಕ್ಕೊಯ್ದಿದೆ. ಅಲ್ಲಿ ಕೆಲಸವನ್ನು ದಾಟಿಸುವ ಗೋಜಿಗೇ ಹೋಗದೆ, ಕೊಂದು ಬೇರೆಡೆ ಹುಟ್ಟಿಸುತ್ತಾರೆ.

ಭಾರತದಲ್ಲಿ ಸರಕಾರದ ಮಟ್ಟಿಗೆ ಈ ಪದ್ಧತಿ ರಾಷ್ಟ್ರೀಯ ಸೂಚನಾವಿಜ್ಞಾನ ಕೇಂದ್ರವಾದ ಎನ್ಐಸಿ ಮತ್ತು ರಾಜ್ಯಗಳ ದತ್ತಾಂಶ ಕೇಂದ್ರಗಳ ಮೂಲಕ ಬಂದಿತು. ‘ಮೇಘರಾಜ್’ ಯೋಜನೆಯ ಅಡಿಯಲ್ಲಿ ರಾಷ್ಟ್ರೀಯ ಕ್ಲೌಡ್ 2014ರಲ್ಲಿ ಆರಂಭವಾಯಿತು. ಜಮೀನಿನ ದಾಖಲೆಗಳನ್ನು ಗಣಕಕ್ಕೇರಿಸಿದ ಕರ್ನಾಟಕದ ‘ಭೂಮಿ’ ಯೋಜನೆಯ ಇತಿಹಾಸ ಇಲ್ಲಿ ಬೋಧಪ್ರದ. ಆರಂಭದಲ್ಲಿ ಪಹಣಿಯ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿಯೇ ಇದ್ದುವು; ಸರ್ವರ್ ಕೆಟ್ಟರೆ ಆ ತಾಲ್ಲೂಕಿನ ರೈತನು ದುರಸ್ತಿಯಾಗುವವರೆಗೆ ಕಾಯಬೇಕಾಗುತ್ತಿತ್ತು, ಪಕ್ಕದ ತಾಲ್ಲೂಕಿಗೆ ಅದರ ಬಿಸಿ ತಟ್ಟುತ್ತಿರಲಿಲ್ಲ. ದಾಖಲೆಗಳು ರಾಜ್ಯದ ಕೇಂದ್ರಕ್ಕೆ ಬಂದ ಮೇಲೆ ಎಲ್ಲಿಂದಲಾದರೂ ಪಹಣಿ ಪಡೆಯುವ ಸೌಕರ್ಯ ದೊರಕಿತು, ಯಂತ್ರವೊಂದರ ಸಾವು ಯಾರಿಗೂ ತಟ್ಟದಂತಾಯಿತು. ಆದರೆ ‘ಸರ್ವರ್ ಡೌನ್’ ಎಂಬ ಮಾತು ಒಮ್ಮೆ ಹೊರಟರೆ ಅದು ಎಲ್ಲ ತಾಲ್ಲೂಕುಗಳ ಕಿಟಕಿಗಳಲ್ಲಿಯೂ ಒಟ್ಟಿಗೆ ಕೇಳಿಬರುತ್ತದೆ. ಸಣ್ಣ ಅಪಾಯಗಳನ್ನು ಅನೇಕವಾಗಿ ಚೆಲ್ಲುವುದೋ, ದೊಡ್ಡದೊಂದನ್ನು ಅಪರೂಪವಾಗಿ ಹೊರುವುದೋ ಎಂಬ ಪ್ರಶ್ನೆಗೆ ಎರಡನೆಯದನ್ನೇ ಉತ್ತರವಾಗಿ ಆರಿಸಿಕೊಂಡ ಮೇಲೆ, ದೂರದ ಇನ್ನೊಂದು ಊರಿನಲ್ಲಿ ಎರಡನೆಯ ಕೇಂದ್ರವನ್ನು ಸಜ್ಜಾಗಿಡುವ ವೆಚ್ಚ ತಪ್ಪದು.

ನಮ್ಯತೆ ಯಾರ ತಂತ್ರಾಂಶದಿಂದ ಬಂದಿತೋ ಅವರ ಹಿಡಿತವೂ ಜೊತೆಗೆ ಬರುತ್ತದೆಂಬುದು ಈಚೆಗೆ ಸ್ಪಷ್ಟವಾಗಿದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆ ವಿಎಂವೇರನ್ನು ಕೊಂಡು, ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಗೆ ತಿರುಗಿದ ಮೇಲೆ, ಅನೇಕ ಸಂಸ್ಥೆಗಳು ಕೆವಿಎಂ ಆಧಾರದ ವ್ಯವಸ್ಥೆಗಳತ್ತ ನೋಡತೊಡಗಿವೆ. ಒಂದೇ ಹೈಪರ್‌ವೈಸರಿನ ಗುಂಪಿನೊಳಗೆ ನಿಲ್ಲದೆ ದಾಟುವ ಯಂತ್ರ, ಹೈಪರ್‌ವೈಸರನ್ನೇ ಬದಲಿಸುವಾಗ ಡಿಸ್ಕಿನ ರೂಪ, ಸಾಧನಗಳ ಚಾಲಕಗಳು, ಬ್ಯಾಕಪ್ಪಿನ ಕ್ರಮ ಎಲ್ಲವನ್ನೂ ಬದಲಿಸಿಕೊಂಡು ಸೇವೆ ನಿಲ್ಲಿಸಿಯೇ ಹೋಗಬೇಕಾಗುತ್ತದೆ.

ಭೌತಿಕ ಮತ್ತು ವರ್ಚುವಲ್ ಎಂಬ ಭೇದ ಬಳಕೆದಾರನ ದೃಷ್ಟಿಯಿಂದ ಕರಗುತ್ತಿರುವುದು ಇತ್ತೀಚಿನ ಬೆಳವಣಿಗೆ. 2006ರಲ್ಲಿ ಜ಼ೆನ್ ಮೇಲೆ ತನ್ನ ಬಾಡಿಗೆ ಸರ್ವರ್‌ಗಳ ಸೇವೆಯನ್ನು ಆರಂಭಿಸಿದ ಅಮೆಜಾನ್, 2017ರಲ್ಲಿ ಪ್ರಕಟಿಸಿದ ನೈಟ್ರೊ ವ್ಯವಸ್ಥೆಯಲ್ಲಿ, ಜಾಲ ಮತ್ತು ಸಂಗ್ರಹಗಳ ಕೆಲಸವನ್ನೂ ನಿಯಂತ್ರಣವನ್ನೂ ಮುಖ್ಯ ಪ್ರೊಸೆಸರಿನಿಂದ ತೆಗೆದು ಪ್ರತ್ಯೇಕ ಕಾರ್ಡುಗಳಿಗೆ ಒಪ್ಪಿಸಿತು. ಹೈಪರ್‌ವೈಸರ್ ಕೆವಿಎಂ ಮೂಲದ ತೆಳುವಾದ ಪದರವಾಗಿ ಉಳಿಯಿತು. ಹಾಗೆ ತೆಳುವಾದ ಮೇಲೆ ಅದನ್ನು ಪೂರ್ತಿಯಾಗಿ ತೆಗೆದುಹಾಕಿ ಬರಿಯ ಲೋಹವನ್ನೇ ಬಾಡಿಗೆಗೆ ಕೊಡುವುದೂ ಸಾಧ್ಯವಾಯಿತು. ಗ್ರಾಹಕನು ಒಂದೇ ಅಪ್ಪಣೆಯಿಂದ ವರ್ಚುವಲ್ ಯಂತ್ರವನ್ನೂ ಭೌತಿಕ ಯಂತ್ರವನ್ನೂ ತರಿಸಿಕೊಳ್ಳುತ್ತಾನೆ. ಅವೆರಡರ ಡಿಸ್ಕೂ ಜಾಲವೂ ಅದೇ ಕಾರ್ಡಿನ ಆಚೆಯಿಂದ ಬರುತ್ತವೆ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳು, ಒಂದೇ ಪ್ರೊಸೆಸರನ್ನು ಹಂಚಿಕೊಂಡ ಅತಿಥಿಗಳ ನಡುವಿನ ಗೋಡೆ ತಿಳಿದಷ್ಟು ದಪ್ಪವಲ್ಲವೆಂದು ತೋರಿಸಿದುದರಿಂದ, ನೆರೆಯವರಿಲ್ಲದ ಯಂತ್ರವನ್ನು ಬಯಸುವವರಿಗೆ ಮತ್ತೊಂದು ಕಾರಣ ದೊರೆತಿದೆ.